ಎತ್ತಿದ ಕಾಲು

ಓರ್ತಾ ಬಂದರಿನ ಮೇಲಿನ ಗುಡ್ಡ,
ಭೂಕಂಪನ ಕೇಂದ್ರದ ನೆಲಮಾಳಿಗೆ.
ಹಳೇ ಬ್ಯಾಟರಿ ಬದಲಿಸಲು ನಾಲ್ಕಕ್ಕೆ ಕರೆಂಟು ತೆಗೆಯುತ್ತಾರೆ.
ಈಗ ಮೂರೂ ನಲವತ್ತು.

ಎಲ್ಲ ನಿಲ್ಲಿಸಿಯಾಯಿತು. ಒಂದು ಕಂಟೇನರು ಮಾತ್ರ
ಇನ್ನೂರ ಹನ್ನೊಂದು ದಿನದಿಂದ ಕಣ್ಣು ಮುಚ್ಚಿಲ್ಲ.
ಕಡಲತಳದ ನಾಲ್ಕು ಕಿವಿಗೆ ಬಿದ್ದದ್ದನ್ನು
ಒಂದಕ್ಕೊಂದು ತಾಳೆ ನೋಡುತ್ತ,
ಲೆಕ್ಕವನ್ನೆಲ್ಲ ಡಿಸ್ಕಿಗೆ ಬರೆಯದೆ
ಮನಸ್ಸಿನಲ್ಲೇ ಇಟ್ಟುಕೊಂಡಿದೆ.
ಅದನ್ನು ಬರೆದ ಔರೇಲಿಯು ಮಾತಿಗೆ ಜಿಪುಣ.
ಒಂದು ಸಾಲು ಟಿಪ್ಪಣಿ ಬಿಟ್ಟಿಲ್ಲ,
ಈಗ ಎದುರಿನ ಪೀಕು ದ್ವೀಪದಲ್ಲಿ ದ್ರಾಕ್ಷಿ ಬೆಳೆಯುತ್ತಾನೆ.
ಫೋನು ಮಾಡಿದರೆ 'ನಿಲ್ಲಿಸಬೇಡ ಝುಲ್ಮೀರಾ' ಅಂದ, ಇಟ್ಟ.

ಕಮಿಟ್ ಹೊಡೆದರೆ ಆಗದೇ, ಎಂದ ಹೊಸ ಹುಡುಗ ದುವಾರ್ತೆ.
ಆಗದಪ್ಪ. ಅದು ಮನೆಸಾಮಾನಿನ ಪಟ್ಟಿ.
ಪಾತ್ರೆ, ಮಂಚ, ಬೀಗದಕೈ ಎಲ್ಲ ಇದ್ದಲ್ಲೇ ಇರುತ್ತೆ,
ಒಲೆಯ ಮುಂದೆ ನಿಂತವಳು
ಉಪ್ಪು ಹಾಕಿದೆನೋ ಇಲ್ಲವೋ ಅಂದುಕೊಳ್ಳುತ್ತಿದ್ದಳಲ್ಲ,
ಅದು ಇರೋದಿಲ್ಲ.

ನನಗೆ ಅದೇ ಬೇಕು.

ಚೆಕ್‌ಪಾಯಿಂಟ್ ಎಂದು ಹೊಡೆದು ಎಂಟರ್ ಒತ್ತಿದೆ.
ಕೆಂಪಗೆ ಬೈಯಿತು:
ತೇಲುಬುರುಡೆಯ ಜೊತೆ ಮಾತಿನ ನಡುವೆ ಇದ್ದೇನೆ,
ಹೀಗೆ ಎದ್ದು ಬರಲಾರೆ.
ಸರಿ, ಆ ಮಾತನ್ನೂ ಗಂಟು ಕಟ್ಟಿಕೋ.
ಎರಡು ಅಡ್ಡಗೆರೆ, ಒಂದು ಉದ್ದ ಪದ, ಮತ್ತೆ ಎಂಟರ್.

ಮೂರೂ ಐವತ್ತೆಂಟು.
ಎತ್ತಿದ ಕಾಲು ಎತ್ತಿದಂತೆ,
ಬಾಯಲ್ಲಿ ಅರ್ಧ ಅಂಕಿ,
ಮೂರು ಸೆಕೆಂಡು ಕಾಯೋಣವೆಂದು ಎಣಿಸತೊಡಗಿದ್ದು
ಎರಡರ ಮೇಲೆ
ನಿಂತಿತು.
ಪುಟ ಪುಟವಾಗಿ ನೆನಪು ಡಿಸ್ಕಿಗೆ ಇಳಿಯಿತು.
ಒಂಬೈನೂರ ಹನ್ನೆರಡು ಎಂಬಿ.
ಇಷ್ಟು ದಿನದ ಎಚ್ಚರಕ್ಕೆ ಅದೇನೂ ಹೆಚ್ಚಲ್ಲ.

ಕರೆಂಟು ಹೋಯಿತು. ಫ್ಯಾನುಗಳು ಒಂದೊಂದೇ ಉಸಿರು ಬಿಟ್ಟವು.
ಹದಿನಾಲ್ಕು ವರ್ಷದಲ್ಲಿ ಮೊದಲ ಸಲ
ಈ ನೆಲಮಾಳಿಗೆಗೆ ಕಡಲು ಕೇಳಿಸಿತು.
ಟಾರ್ಚಿನ ಬೆಳಕಿನಲ್ಲಿ ನಟ್ಟು ಜಾರಿ
ಬ್ಯಾಟರಿಯವನು ಯಾರ ತಾಯಿಯನ್ನೋ ನೆನೆದ.
ನಾಲ್ಕೂ ಮೂವತ್ತೊಂದಕ್ಕೆ
ಲೋಟದ ಕಾಫಿ ಒಂದು ಸುತ್ತು ನಡುಗಿತು.
ಬಾಗಿಲ ಚಿಲಕ ಕಿಣಿಕ್ಕೆಂದಿತು.
ನಾನೂ ದುವಾರ್ತೆಯೂ ಮುಖ ಮುಖ ನೋಡಿಕೊಂಡೆವು.

ಐದೂ ಹತ್ತಕ್ಕೆ ಎಬ್ಬಿಸಿದೆ.
ಕಾಲು ಇಳಿಸಿತು. ಮೂರು, ಎಂದಿತು.
ಲಾಗಿನ ಹೊಸ ಸಾಲು: ಮೂರು ಸೆಕೆಂಡು ಕಾದೆ.
ಆಮೇಲೆ ಗಡಿಯಾರ ಕಂಡು ಗಲಿಬಿಲಿ, ಒಂದು ಎಚ್ಚರಿಕೆ,
ಮತ್ತೆ ತಲೆ ತಗ್ಗಿಸಿ ಕೆಲಸ.
ಆಚೆ ಕಡೆಯ ತೇಲುಬುರುಡೆ ಮಾತ್ರ
ಹಲೋ ಹಲೋ ಅಂದು ಸಾಕಾಗಿ ಫೋನಿಟ್ಟಿತ್ತು.
ಅದನ್ನು ಹೊಸದಾಗಿ ಕರೆಯಿತು.

ಏನೂ ಕಳೆದಿಲ್ಲ! ದುವಾರ್ತೆ ಚಪ್ಪಾಳೆ ತಟ್ಟಿದ.

ಕಪಾಟಿನಿಂದ ದಪ್ಪ ರಿಜಿಸ್ಟರು ತೆಗೆದೆ.
ಕೊನೆಯ ನಮೂದು ಔರೇಲಿಯುವಿನದೇ,
ಶಾಯಿ ಕಂದು ತಿರುಗಿದೆ.
ಪೆನ್ನು ಎರಡು ಸಲ ಜಾಡಿಸಿ ಅದರ ಕೆಳಗೆ ಬರೆದೆ:
ಬೆಳಗಿನ ನಾಲ್ಕೂ ಮೂವತ್ತೊಂದು. ಚಿಕ್ಕದು.
ಸಾಕ್ಷಿ, ಕಾಫಿ, ಚಿಲಕ, ಇಬ್ಬರು.