ಕೋಡಿಬಾಗದಲ್ಲಿ ಶುಕ್ತಿರಜತ

ಬೆಳಿಗ್ಗೆ ಚಿತ್ರಕಲೆ, ಊಟದ ಮೇಲೆ ತತ್ವಶಾಸ್ತ್ರ.
ಎರಡನ್ನೂ ಒಟ್ಟಿಗೆ ತೆಗೆದುಕೊಂಡವರು ಆ ವರ್ಷ ನಾವು ಮೂವರೇ:
ನಾನು, ಬೈತಖೋಲದ ರೋಹಿದಾಸ ತಾಂಡೇಲ,
ಮತ್ತೆ ಇನಾಸಿನಾ, ಕಾಮರ್ಸಿನಲ್ಲಿ ಸೀಟು ಸಿಗದೆ ಬಂದವಳು.
ಕೋಣೆ ಒಂದೇ. ಕಿಟಕಿಯಾಚೆ ಕಾಳಿ,
ಹಳೆ ಸೇತುವೆ ಆಗ ಇನ್ನೂ ನಿಂತಿತ್ತು.
ಮೇಜೂ ಒಂದೇ. ಮೇಜಿನ ಮೇಲಿನ ಚಿಪ್ಪೂ.

ಚಿಪ್ಪು ತಂದವಳು ನಾನು.
'ಮನೆಯಿಂದ ಏನಾದರೂ ತನ್ನಿ' ಅಂದಿದ್ದರು ಮಾಂಜ್ರೇಕರ ಸರ್.
ರೋಹಿದಾಸ ದೋಣಿ ಎಂಜಿನ್ನಿನ ಮುರುಕು ಪಂಖ ತಂದ,
ಇನಾಸಿನಾ ಮೇಣದಬತ್ತಿಯ ಸ್ಟ್ಯಾಂಡು.
ನಮ್ಮಲ್ಲಿ ಬಾಗಿಲಿಂದ ಬಾವಿಯವರೆಗೆ ಇದ್ದದ್ದು ಚಿಪ್ಪೇ,
ಆಯಿ ಇಳಿತದ ಹೊತ್ತು ಮೊಣಕಾಲ ನೀರಲ್ಲಿ ಬಗ್ಗಿ
ಬಂಡೆಯಿಂದ ಎಬ್ಬಿಸಿದ ಕಲಗದ ಉಳಿಕೆ.

ಕೂರ್ಸೆ ಮೇಡಂ ಮಧ್ಯಾಹ್ನ ಅದನ್ನೇ ಎತ್ತಿ ಹಿಡಿದರು.
'ನನ್ನ ಪುಣ್ಯ. ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದೇ ಕಲಿಸಿದೆ.
ದೂರದಿಂದ ಕಂಡವನು ಬೆಳ್ಳಿ ಎಂದ. ಹತ್ತಿರ ಹೋದ, ಬಗ್ಗಿದ: ಚಿಪ್ಪು.
ಹಾಗಾದರೆ ಆ ಬೆಳ್ಳಿ?
ಇದ್ದರೆ ಹೋದದ್ದೆಲ್ಲಿ? ಇಲ್ಲದಿದ್ದರೆ ಕಂಡದ್ದು ಹೇಗೆ?'
ಇದೆ ಎನ್ನಲಾಗದು, ಇಲ್ಲ ಎನ್ನಲಾಗದು,
ಅನಿರ್ವಚನೀಯ ಎಂದು ಬರೆದುಕೊಂಡೆವು.
ಇನಾಸಿನಾ ಅರ್ಕಾವತ್ತು ಬಿಟ್ಟಳು.

ರೋಹಿದಾಸ ಕೈಯೆತ್ತಿದ:
'ಮೇಡಂ, ನಮ್ಮ ಕಡೆ ಯಾರೂ ಹಾಗೆ ಮೋಸ ಹೋಗೂದಿಲ್ಲ.
ಚಿಪ್ಪು ಕಂಡರೆ ಚಿಪ್ಪೇ.
ಬೆಳ್ಳಿ ನೋಡಿ ಗೊತ್ತಿದ್ದವರಿಗಲ್ಲವಾ ಬೆಳ್ಳಿ ಕಾಣೂದು?'
ಮೇಡಂ ಕನ್ನಡಕ ತೆಗೆದು ಒರೆಸಿದರು, ಬಹಳ ಹೊತ್ತು.
'ಅದನ್ನೇ ಬರಿ. ಹತ್ತು ಅಂಕ ಇರೂದು ಅದಕ್ಕೇ.'

ಮಾಂಜ್ರೇಕರ ಸರ್ ಹಟವೇ ಬೇರೆ.
'ಬೆಳ್ಳಿ ಬಣ್ಣದ ಡಬ್ಬಿ ಮುಟ್ಟಬೇಡಿ, ಅದು ಬರೀ ಬೂದಿ.
ಕಪ್ಪನ್ನು ನೀರು ಮಾಡಿ, ಒಂದು ಹನಿ ನಿಂಬೆಹಳದಿ,
ಅಂಚಿಗೆ ನೀಲಿ, ಇದೆಯೋ ಇಲ್ಲವೋ ಅನ್ನುವಷ್ಟು.
ಆಮೇಲೆ ಒಂದು ಕಡೆ, ಒಂದೇ ಕಡೆ,
ಕಾಗದ ಹಾಗೇ ಬಿಟ್ಟುಬಿಡಿ.'

ಒಬ್ಬರು ಭ್ರಮೆ ಕಳೆಯಲು, ಒಬ್ಬರು ಭ್ರಮೆ ಹುಟ್ಟಿಸಲು
ಒಂದೇ ಫೀಸಿನಲ್ಲಿ ಕಲಿಸಿದರು.
ಫೀಸೆಂದರೆ ಆಯಿಯ ಕಾಲ್ಗಡಗ.
ಸೊಸೈಟಿಯ ಗುಮಾಸ್ತ ಅದನ್ನು ಕಲ್ಲಿಗೆ ತಿಕ್ಕಿ, ತೂಗಿ,
'ಬೆಳ್ಳಿ' ಎಂದು ರಸೀದಿಯಲ್ಲಿ ಬರೆದ.
ಅಷ್ಟು ನಿಸ್ಸಂಶಯದ ಮಾತನ್ನು
ಮೂರು ವರ್ಷ ನಾನು ಬೇರೆ ಯಾವ ಪುಸ್ತಕದಲ್ಲೂ ಓದಲಿಲ್ಲ.

ರಜೆಯಲ್ಲಿ ಮಾರ್ಕೆಟ್ಟಿಗೆ ಕೂತರೆ
'ತಾಜಾ ಇದೆಯೇನೇ?' ಎನ್ನುವ ಗಿರಾಕಿಗೆ ಉತ್ತರ ಕೊಡದೆ
ಬಂಗಡೆಯ ಕಿವಿರು ಎತ್ತಿ, ಈ ಕೆಂಪಿಗೆ ಕಂದು ಎಷ್ಟು ಬೆರೆತಿದೆ
ಎಂದು ನೋಡುತ್ತ ಉಳಿದುಬಿಡುತ್ತಿದ್ದೆ.
ಆಯಿ ಪಕ್ಕದಿಂದ ಕೈಹಾಕಿ ವ್ಯಾಪಾರ ಮುಗಿಸುತ್ತಿದ್ದಳು.
ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕೊನೆಯ ವರ್ಷದ ಪ್ರದರ್ಶನಕ್ಕೆ ಬಂದಳು,
ಬುಟ್ಟಿಯನ್ನು ಗೇಟಿನ ಹೊರಗಿಟ್ಟು.
ನನ್ನ ಚಿಪ್ಪು ಪೂರಾ ಮೂರು ಅಡಿ ಕಾಗದ.
ಸರ್ ಈ ಬದಿ, ಮೇಡಂ ಆ ಬದಿ, ನಡುವೆ ಅವಳು.
ಬೆಳ್ಳಿ ಅಂದಾಳು ಎಂದುಕೊಂಡೆ.
ಚಿಪ್ಪು ಅಂದಿದ್ದರೂ ಸಾಕಿತ್ತು.

ಅವಳು ಹತ್ತಿರ ಹೋದಳು, ಬಗ್ಗಿದಳು,
ನಾನು ಬಣ್ಣ ಹಚ್ಚದೆ ಬಿಟ್ಟ ಜಾಗದೊಳಗೆ ಇಣುಕಿದಳು.
'ಮಾಂಸ ಬಿಡಿಸಿದವರು ಯಾರೇ? ಬುಡಸಮೇತ ಬಂದಿದೆ,
ಒಂದು ಗೀರೂ ಇಲ್ಲ. ಒಳ್ಳೆ ಕೈ.'

ಸರ್ ನನ್ನ ಕೈ ಎಂದುಕೊಂಡು ನಕ್ಕರು.
ಮೇಡಂ ಏನೋ ಬರೆದುಕೊಂಡರು.
ಬಿಡಿಸಿದವಳು ಅವಳೇ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ
ಆಯಿ ಗೇಟು ದಾಟಿಯಾಗಿತ್ತು;
ಆವತ್ತು ನಾಲ್ಕೂಕಾಲಿಗೆ ಇಳಿತ.