ಕರಿ ಬಟ್ಟೆಯ ಒಳಗೆ

ಸೋಂಗ್ ಕೋಲ್ ಸರೋವರದ ದಡದಲ್ಲಿ ಇವತ್ತಿಗೆ ಒಂಬತ್ತು ದಿನ.
ತೆಗೆದದ್ದು ಎರಡು ಹಾಳೆ ಫಿಲ್ಮು,
ಅದರಲ್ಲೊಂದು ಬೆಳಕು ನುಸುಳಿ ಹಾಳು.

ನಾರಿನ್ ಪೇಟೆಯಲ್ಲಿ ಅಪ್ಪನದು ಪಾಸ್‌ಪೋರ್ಟ್ ಫೋಟೋದ ಅಂಗಡಿ.
ಒಂದು ಸ್ಟೂಲು, ಒಂದು ನೀಲಿ ಪರದೆ,
ದಿನವಿಡೀ ಒಂದೇ ಮಾತು:
ಗದ್ದ ಎತ್ತಿ. ರೆಪ್ಪೆ ಬಡೀಬೇಡಿ.
ಅಷ್ಟನ್ನೇ ನಾನು ಈ ನೀರಿಗೂ ಹೇಳುತ್ತ ಬಂದಿದ್ದೇನೆ
ಇಪ್ಪತ್ತು ವರ್ಷ.
ಗಾಳಿ ಬಂದರೆ ನೀರು ರೆಪ್ಪೆ ಬಡಿಯುತ್ತದೆ.
ಬೆಟ್ಟದ ಹೆಗಲ ಮೇಲೆ ಮೋಡ
ಗದ್ದ ಊರಿ ತೂಕಡಿಸುತ್ತದೆ.

ಉರ್ಕುಯಾ ಅಜ್ಜಿ ಕುರಿ ಕಾಯುತ್ತಾಳೆ.
ನಾನು ಬೆಳಕು ಕಾಯುತ್ತೇನೆ.
ಒಣ ಸಗಣಿಯ ಬೆಂಕಿಯ ಮೇಲೆ
ಚಹಾದ ನೀರು ಕಾಯುತ್ತದೆ.
ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸುವುದು
ಮೂವರಲ್ಲಿ ಅದೊಂದೇ.

ಮೊನ್ನೆ ಕೇಳಿದಳು:
ಆ ಕರಿ ಬಟ್ಟೆಯೊಳಗೆ ತಲೆ ತೂರಿಸಿ
ಯಾರ ಹತ್ತಿರ ಮಾತಾಡ್ತೀಯ ಮಗಾ?
ಬಾ, ನೋಡು ಅಂದೆ.
ಹೊಗೆ, ಉಣ್ಣೆ, ಹುಳಿಹಾಲಿನ ವಾಸನೆ ಸಮೇತ ಒಳಗೆ ಬಂದಳು.
ಮಬ್ಬು ಗಾಜಿನ ಮೇಲೆ ಅವಳದೇ ಬೇಸಿಗೆ, ತಲೆಕೆಳಗಾಗಿ:
ನೀರು ಮೇಲೆ, ಆಕಾಶ ಕೆಳಗೆ,
ಅವಳ ಅರವತ್ತು ಕುರಿ
ಅಟ್ಟಕ್ಕೆ ಅಂಟಿಕೊಂಡು ಮೇಯುತ್ತಿವೆ.
ಬಹಳ ಹೊತ್ತು ಉಸಿರಿಲ್ಲ.
ಆಮೇಲೆ, ‘ಬೀಳೋದೇ ಇಲ್ಲವಲ್ಲೋ!’
ಆಮೇಲೆ ಎಣಿಸತೊಡಗಿದಳು,
ಗಾಜಿಗೆ ಉಗುರು ತಾಗಿಸಿ, ಒಂದೊಂದಾಗಿ.
ಎರಡು ಕಮ್ಮಿ.
ಬಟ್ಟೆ ಕೊಡವಿ ಎದ್ದವಳೇ ಮೊಮ್ಮಗನನ್ನು ಕೂಗಿ
ಕುದುರೆ ಹತ್ತಿಸಿ ಅಟ್ಟಿದಳು ದಿಬ್ಬದಾಚೆ.
ಕತ್ತಲಾಗುವಾಗ ಎರಡನ್ನೂ ಹೊಡಕೊಂಡು ಬಂದ.
ಇಪ್ಪತ್ತು ವರ್ಷದಲ್ಲಿ ನನ್ನ ಗಾಜಿನಿಂದ
ಯಾರಿಗಾದರೂ ಆದ ಉಪಯೋಗ
ಬಹುಶಃ ಇದೊಂದೇ.

ಚೌಕಟ್ಟಿನಾಚೆಗೆ ನಾನು ತಳ್ಳಿದ್ದನ್ನು
ಈವರೆಗೆ ಯಾರೂ ಲೆಕ್ಕ ಕೇಳಿಲ್ಲ.
ಲಾರಿಯ ಟಯರು. ಸೋಲಾರ್ ಹಲಗೆ.
ಬಣ್ಣಗೆಟ್ಟ ಪ್ಲಾಸ್ಟಿಕ್ ಬಕೆಟ್ಟು, ಇದೇ ಅಜ್ಜಿಯದು.
ಒಮ್ಮೆ, ಮೂಗು ಸೋರುವ ಒಂದು ಮಗು:
ಸ್ವಲ್ಪ ಈಚೆ ಬಾ ಕಂದಾ, ಇನ್ನೂ ಸ್ವಲ್ಪ.
ಬಿಷ್ಕೆಕ್‌ನಲ್ಲಿ ಬಿಳಿ ಗೋಡೆಯ ಮುಂದೆ
ವೈನಿನ ಗ್ಲಾಸು ಹಿಡಿದು ನಿಂತವರು ಅನ್ನುತ್ತಾರೆ,
ಆಹಾ, ಎಂಥ ನಿರ್ಜನ!
ನಿರ್ಜನ ಮಾಡಿದ್ದು ನಾನು.

ಇವತ್ತು ಬೆಳಿಗ್ಗೆ ಅವರು ಹೊರಟರು.
ಕಣಿವೆಯ ಬಾಯಲ್ಲಿ ಮೊದಲ ಹಿಮ ಬಿದ್ದಿದೆಯಂತೆ.
ಕಂಬಳಿ ಸುತ್ತಿದರು, ಜಾಲರಿ ಗೋಡೆ ಮಡಚಿದರು,
ಬೇಸಿಗೆಯೆಲ್ಲ ಆಕಾಶ ಹಿಡಿದಿದ್ದ ಚಾವಣಿಯ ಬಳೆಯನ್ನು
ಎಲ್ಲಕ್ಕಿಂತ ಕೊನೆಗೆ ಲಾರಿಗೇರಿಸಿದರು.
ಒಂದು ಮುಷ್ಟಿ ಒಣ ಮೊಸರಿನುಂಡೆ
ನನ್ನ ಜೇಬಿಗೆ ತುರುಕಿ ಅಜ್ಜಿ ಅಂದಳು:
ಎಣಿಸ್ತಾ ಇರು.

ಡೇರೆ ಇದ್ದಲ್ಲಿ ಹುಲ್ಲಿನ ಮೇಲೆ ಒಂದು ವೃತ್ತ.
ಮೂರು ತಿಂಗಳು ಬಿಸಿಲು ಕಾಣದೆ ಬಿಳಿಚಿದ್ದು.
ಇಲ್ಲಿ ಮಲಗಿದ್ದರು. ಇಲ್ಲಿ ಹಿಟ್ಟು ನಾದಿದ್ದಳು.
ಬಾಗಿಲಿದ್ದ ಕಡೆ ಮಾತ್ರ
ಹುಲ್ಲೇ ಇಲ್ಲ, ತುಳಿದು ತುಳಿದು ನುಣುಪಾದ ಮಣ್ಣು.
ಬೆಳಕು ತಾಗಿ ಮೂಡುವ ಚಿತ್ರವಷ್ಟೇ ಗೊತ್ತಿತ್ತು ನನಗೆ.
ಇದು ಬೆಳಕು ತಾಗದೆ ಮೂಡಿದ್ದು.
ನನ್ನ ಶಟರು ತೆರೆದಿರುವುದು ಕಾಲು ಸೆಕೆಂಡು.

ಬೆನ್ನ ಹಿಂದೆ ಗಾಳಿ ನಿಂತಿದೆ.
ಕಿವಿಗೇ ಗೊತ್ತಾಗುತ್ತದೆ, ನೀರು ರೆಪ್ಪೆ ಬಡಿಯುತ್ತಿಲ್ಲ.
ಒಂಬತ್ತು ದಿನ ಇದನ್ನೇ ಬೇಡಿಕೊಂಡದ್ದು.
ಉಳಿದಿರುವುದು ಒಂದು ಹಾಳೆ.
ಸ್ಟ್ಯಾಂಡಿನ ಮೂರೂ ಕಾಲು ಗಿಡ್ಡ ಮಾಡಿ
ಕ್ಯಾಮೆರಾದ ಮುಖವನ್ನು ನೆಲದ ಕಡೆ ಬಗ್ಗಿಸಿದೆ.

ವೃತ್ತದ ಅಂಚಿನಲ್ಲಿ ಆ ಬಕೆಟ್ಟು.
ಮರೆತರೋ, ಬೇಡವೆಂದು ಬಿಟ್ಟರೋ.
ಕೈ ಅಭ್ಯಾಸಬಲದಿಂದ ಮುಂದೆ ಹೋಯಿತು,
ಸುಮ್ಮನೆ ವಾಪಸು ಬಂತು.

ಬೂದಿ ಸುರಿದಲ್ಲಿ ಕೆದಕಿದರೆ ಇನ್ನೂ ಕೆಂಡವಿದೆ.
ಕೆಟಲಿಟ್ಟಿದ್ದೇನೆ.
ನೀರು ಕಾಯುತ್ತಿದೆ.