ಏಳನೆಯ ಮನೆ

ಗುತ್ತಲು ರಸ್ತೆಯ ನನ್ನ ಜೆರಾಕ್ಸ್ ಅಂಗಡಿಯ ಷಟರು
ಅರ್ಧಕ್ಕೆ ಇಳಿದ ಮೇಲೆ ಶುರು ನಮ್ಮ ದ್ರಾಕ್ಷಿ ಬೇಸಾಯ.
ಯಂತ್ರದ ಮುಚ್ಚಳವೇ ಹೊಲ. ಇನ್ನೂ ಬಿಸಿ ಆರಿಲ್ಲ.
ಅದರ ಮೇಲೆ ಬಿಚ್ಚಿದ ರಟ್ಟಿನಲ್ಲಿ
ಯಾವುದೋ ಸೀಮೆಯ ಗುಡ್ಡ, ಹೆಂಚಿನ ಮನೆ,
ಮನೆಯಡಿಗೆ ಪೀಪಾಯಿ ಮಲಗಿಸುವ ತಂಪು ನೆಲಮಾಳಿಗೆ.

ನಾಲ್ವರು ನಾವು. ಒಬ್ಬರೂ ವೈನ್ ಕುಡಿದವರಲ್ಲ.
ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕಬ್ಬಿನ ಹಾಲು ಅಳೆಯುವ ಮುನವ್ವರ್
ಹಸಿರು ಗಾಜಿನ ಮಣಿಯನ್ನು ಟ್ಯೂಬ್‌ಲೈಟಿಗೆ ಹಿಡಿದು
"ಇನ್ನೂ ಎರಡು ಬ್ರಿಕ್ಸ್ ಏರಬೇಕು" ಎನ್ನುತ್ತಾನೆ.
ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದ ಪದ್ಮಲತಾ
ರಾತ್ರಿ ಒಂಬತ್ತಕ್ಕೆ ಮೂರು ಪೀಪಾಯಿ ಕೆಂಪು ರಸ ಇಳಿಸುತ್ತಾಳೆ,
ಮುಖದಲ್ಲಿ ಒಂದು ಗೆರೆಯೂ ಅಲುಗದೆ.

ನೀರಾವರಿಗೆ ಮೂರು ನಾಣ್ಯ ಎಂದು ನಾನು ಓದಿದ ದಿನ
ದೇವೀರಮ್ಮ ಆಟವನ್ನೇ ನಿಲ್ಲಿಸಿದ್ದರು.
"ಮೂರೇ ಕಾಸಾ? ಯಾವ ನಾಲೆ ಇದು?
ಕೊನೆ ಗದ್ದೆಗೂ ಬತ್ತದಾ? ಸರದಿ ಇಲ್ವಾ?
ರಾತ್ರಿ ತೂಬು ಕಾಯೋರು ಯಾರು?"
ನಿಯಮದ ಪುಸ್ತಕ ಹಿಂದೆ ಮುಂದೆ ತಿರುವಿದೆ.
ಉತ್ತರ ಇರಲಿಲ್ಲ. ಮಳೆಗಾಲವೂ ಇರಲಿಲ್ಲ.
ಬೇಸಿಗೆ, ಚಳಿ. ಅಷ್ಟೇ.

ವರ್ಷ ಹುಟ್ಟುವ ಮೊದಲು
ಒಂದರಿಂದ ಏಳರ ತನಕದ ಯಾವುದಾದರೊಂದು ಮನೆಯಲ್ಲಿ
ಅವರವರ ಮರದ ಕೋಳಿಯನ್ನು ಕೂರಿಸಬೇಕು.
ಒಂದನೆಯ ಮನೆಯವರು ಎಲ್ಲರಿಗಿಂತ ಮುಂಚೆ ಎದ್ದು
ಒಳ್ಳೊಳ್ಳೆ ಕೆಲಸ ಹಿಡಿಯುತ್ತಾರೆ. ಕೈಗೆ ಬೇರೇನೂ ಇಲ್ಲ.
ಏಳನೆಯ ಮನೆಯವರು ಏಳುವುದು ಎಲ್ಲರೂ ಎದ್ದ ಮೇಲೆ.
ಅವರಿಗೆ ಆ ವರ್ಷದ ಮಟ್ಟಿಗೆ ಒಂದು ಆಳು ಹೆಚ್ಚು.

"ನಂದು ಏಳು."
ಪ್ರತಿ ಸಲವೂ, ಚೌಕಾಬಾರದಲ್ಲಿ ಕವಡೆಗೆ ಬೈಯುವ ಅದೇ ಗಂಟಲಲ್ಲಿ.
ಮುನವ್ವರ್ ತಿಳಿಹೇಳಿದ: ಅಮ್ಮಾ, ಈ ಸಲ ಬೇಗ ಏಳಿ,
ಕೊಯ್ಲಿಗೆ ಇಬ್ಬರಿಗೇ ಜಾಗ, ತಪ್ಪಿಹೋಗುತ್ತೆ.
"ತಪ್ಲಿ ಬುಡಪ್ಪ.
ಹಾಸ್ಟೆಲ್ಲಲ್ಲಿ ಮೂವತ್ತೊಂದು ವರ್ಸ ನಾಕಕ್ಕೆ ಎದ್ದಿವ್ನಿ.
ನೂರಾ ಅರವತ್ತು ಮಕ್ಕಳ ಉಪ್ಪಿಟ್ಟು.
ನನ್ ಕೋಳಿ ಕೂಗ್ದೆ ಮಂಡ್ಯಕ್ಕೆ ಬೆಳಗಾಗಕಿಲ್ಲ ಅಂದ್ಕಂಡಿದ್ದೆ.
ಒಂದಾಳು ಹೆಚ್ಗೆ ಕೊಡಿ ಅಂತ ಅರ್ಜಿ ಬರ್ಕೊಟ್ಟೋನು ಇವ್ನೇ,"
ಬೆರಳು ನನ್ನ ಕಡೆ,
"ಮೂರು ಕಾಪಿ ಜೆರಾಕ್ಸು. ಆಳು ಬರ್ನಿಲ್ಲ.
ಇಲ್ಲಿ ಮಲಗಿದ್ರೆ ಕೊಡ್ತಾರಂತೆ!"

ಏಳು ಎಂಬ ಮಾತಿಗೆ ಎರಡು ಅರ್ಥ.
ಇಷ್ಟು ವರ್ಷ ಅವರ ಪಾಲಿಗೆ ಬಂದದ್ದು ಒಂದೇ.

ಆ ಮೂರು ಕಾಪಿಗೆ ನಾನು ಆರು ರೂಪಾಯಿ ತೆಗೆದುಕೊಂಡಿದ್ದೆ.

ವರ್ಷ ತುಂಬಿದಾಗೊಮ್ಮೆ
ನೆಲಮಾಳಿಗೆಯ ಮಣಿಗಳನ್ನು ಒಂದೊಂದು ಮನೆ ಮೇಲೆ ಸರಿಸುತ್ತೇವೆ.
ಯಾರೂ ಏನೂ ಮಾಡದೆ ಬೆಲೆ ಏರುವ ಜಾಗ ಅದೊಂದೇ.
ಗಿರಾಕಿ ಬಂದರೂ ದೇವೀರಮ್ಮ ಮಾರಲಿಲ್ಲ.
"ಇರ್ಲಿ ಸುಮ್ಕೆ. ಉಪ್ಪಿನಕಾಯಿ ಜಾಡಿ ಹಂಗೆ,
ಪದೇ ಪದೇ ಮುಚ್ಚಳ ತೆಗೀಬಾರ್ದು."
ಗೆದ್ದದ್ದು ಪದ್ಮಲತಾ, ಎಂದಿನಂತೆ.
ದೇವೀರಮ್ಮನ ಒಂಬತ್ತು ವರ್ಷದ ರಸ
ತೆರೆಯದೆ ಪೆಟ್ಟಿಗೆಗೆ ಹೋಯಿತು.

ಬಿಲ್ಲೆ ಎಣಿಸುವಾಗ ಒಂದು ಕೋಳಿ ಕಡಿಮೆ.
ಮೇಜಿನಡಿ ಇಲ್ಲ, ಕಾಗದದ ಟ್ರೇಯಲ್ಲೂ ಇಲ್ಲ.
ಷಟರಿನಡಿ ಬಗ್ಗಿ ಹೊರಟ ದೇವೀರಮ್ಮನ ಸೆರಗಿನ ತುದಿಯಲ್ಲಿ
ಸಣ್ಣದೊಂದು ಗಂಟು ಇತ್ತು.
ನಾನು ಕೇಳಲಿಲ್ಲ.

ಮುಂದಿನ ಮಂಗಳವಾರ ತಂದು ಇಟ್ಟರು.
ಕೋಳಿಗೆ ಅಡಕೆ ಎಲೆಯ ವಾಸನೆ.
"ಎಂಟು ದಿನ ಅಕ್ಕಿ ಡಬ್ಬದೊಳಗೆ ಮುಚ್ಚಿಟ್ಟಿದ್ದೆ, ಕೂಗ್ದಂಗೆ.
ಆದ್ರೂ ನಾಕಕ್ಕೇ ಎಚ್ಚರಾಯ್ತು ಕಣಪ್ಪ."
ಎದ್ದಿರಾ?
"ಊಹೂಂ. ಮಲಗೇ ಇದ್ದೆ, ಬೆಳ್ಳಗೆ ಬೆಳಕಾಗೋಗಂಟ.
ನಮ್ಮನೆ ಸೂರಲ್ಲಿ ಎರಡು ಹಲ್ಲಿ ಅವೆ.
ಗೊತ್ತೇ ಇರ್ನಿಲ್ಲ."